ಕುರ್ಚಿ ಮೈಗೆ ಹೊಂದಬೇಕು, ಮೈ ಕುರ್ಚಿಗಲ್ಲ

ಕಳೆದ ತಿಂಗಳು ಒಂದು ಸಂಜೆ ನನ್ನ ಚಿಕಿತ್ಸಾಲಯಕ್ಕೆ ತಂದೆ, ತಾಯಿ, ಮಗ ಮೂವರೂ ಒಟ್ಟಿಗೇ ಬಂದರು. ಮಗ ಇಂಜಿನಿಯರಿಂಗ್ ಎರಡನೆಯ ವರ್ಷದ ವಿದ್ಯಾರ್ಥಿ, ವಯಸ್ಸು 19. ಎರಡು ತಿಂಗಳಿಂದ ಕತ್ತು ಮತ್ತು ಸೊಂಟ ನೋವು. "ರಾತ್ರಿ ಎರಡು ಗಂಟೆವರೆಗೂ ಕಂಪ್ಯೂಟರ್ ಮುಂದೆ ಕೂತು ಆಟ ಆಡ್ತಾನೆ ಡಾಕ್ಟ್ರೇ, ನೋವು ಬರದೆ ಇನ್ನೇನು ಬಂದೀತು?" ಎಂದರು ತಾಯಿ. "ಆಟ ಅಲ್ಲಮ್ಮ, ಕಾಲೇಜಿನ ಕೆಲಸಾನೂ ಅದರಲ್ಲೇ ಮಾಡಬೇಕು. ಕುರ್ಚಿ ಸರಿ ಇಲ್ಲ" ಎಂದ ಮಗ. ತಂದೆಯ ದೂರೇ ಬೇರೆ. "ಈಗ ಇವನಿಗೆ ಗೇಮಿಂಗ್ ಕುರ್ಚಿಯೇ ಬೇಕಂತೆ ಸಾರ್. ಇಪ್ಪತ್ತೆರಡು ಸಾವಿರ! ನಾವೆಲ್ಲ ಚಾಪೆ ಮೇಲೆ ಕೂತು ಓದಿದವರು. ನಮಗೇನಾದರೂ ಬೆನ್ನು ನೋವು ಬಂದಿತ್ತಾ?"

ಹುಡುಗನನ್ನು ಪರೀಕ್ಷಿಸಿದೆ. ಕಾಲುಗಳ ಶಕ್ತಿ, ಸ್ಪರ್ಶಜ್ಞಾನ, ಬೆನ್ನಿನ ಚಲನೆ ಎಲ್ಲವೂ ಸರಿಯಾಗಿದ್ದವು. ಒಂದೇ ಒಂದು ಪ್ರಶ್ನೆಯನ್ನು ಎರಡೆರಡು ಸಲ ಕೇಳಿದೆ: "ನೋವು ಬೆಳಿಗ್ಗೆ ಎದ್ದಾಗ ಹೆಚ್ಚೋ, ಸಂಜೆ ಹೆಚ್ಚೋ?" ಸಂಜೆಯೇ ಹೆಚ್ಚು, ಬೆಳಿಗ್ಗೆ ಏನೂ ಇರುವುದಿಲ್ಲ ಎಂದ. ಈ ಪ್ರಶ್ನೆಯನ್ನು ಏಕೆ ಎರಡು ಸಲ ಕೇಳಿದೆನೆಂಬುದನ್ನು ಲೇಖನದ ಕೊನೆಯ ಭಾಗದಲ್ಲಿ ಹೇಳುತ್ತೇನೆ. ಬಳಿಕ ಅವನು ಕೂರುವ ಜಾಗದ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದ. ಕೈಯಿಲ್ಲದ ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೊಂದು ತಲೆದಿಂಬು, ಎದುರಿಗೆ ಎದೆಮಟ್ಟದ ಮೇಜು. ನೋವಿನ ಕಾರಣ ಆ ಚಿತ್ರದಲ್ಲೇ ಇತ್ತು.

ಈ ಮನೆಯ ಜಗಳ ಇಂದು ಅನೇಕ ಮನೆಗಳ ಜಗಳ. 2020ರ ಕೋವಿಡ್ ಲಾಕ್‌ಡೌನ್ ಬಳಿಕ ಓದು, ನೌಕರಿ, ಆಟ ಎಲ್ಲವೂ ಒಂದೇ ಮೇಜಿನ ಮುಂದೆ ಬಂದು ಕುಳಿತಿವೆ. ಕುರ್ಚಿ ಕೊಳ್ಳುವುದು ಮರದ ಕೆಲಸದವನ ವಿಷಯವಾಗಿತ್ತು, ಈಗ ವೈದ್ಯನ ವಿಷಯವೂ ಆಗಿದೆ. ಆದ್ದರಿಂದ ಈ ವಾರ ಕುರ್ಚಿಯ ಬಗ್ಗೆಯೇ ಬರೆಯುತ್ತಿದ್ದೇನೆ.

ಕುಳಿತಾಗ ಬೆನ್ನಿನೊಳಗೆ ಏನಾಗುತ್ತದೆ?

ನಮ್ಮ ಬೆನ್ನೆಲುಬು ಒಂದೇ ಮೂಳೆಯಲ್ಲ. ಕತ್ತಿನಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5 ಬಿಡಿ ಮಣಿಗಳು ಒಂದರ ಮೇಲೊಂದು ಕುಳಿತಿವೆ. ಅವುಗಳ ಕೆಳಗೆ ಕೂಡಿಕೊಂಡ ಮೂಳೆಗಳಿವೆ. ಮಣಿಗಳ ನಡುವೆ ಡಿಸ್ಕ್ ಎಂಬ ಮೆತ್ತನೆಯ ಬಿಲ್ಲೆಗಳಿವೆ. ಪಕ್ಕದಿಂದ ನೋಡಿದರೆ ಬೆನ್ನೆಲುಬು ನೇರವಾಗಿರದೆ, ಸೊಂಟದ ಬಳಿ ಒಳಕ್ಕೆ ಬಾಗಿರುತ್ತದೆ. ನಿಂತಾಗ ಈ ಬಾಗು ತಾನಾಗಿಯೇ ಉಳಿಯುತ್ತದೆ. ಕುಳಿತ ಕೂಡಲೇ ಕಟಿಯ ಮೂಳೆ ಹಿಂದಕ್ಕೆ ಹೊರಳಿ ಬಾಗು ಚಪ್ಪಟೆಯಾಗುತ್ತದೆ. ಅರ್ಧ ಗಂಟೆಯಲ್ಲಿ ನಾವು ಗೂನು ಬೆನ್ನಿನವರಂತೆ ಮುಂದಕ್ಕೆ ಜೋತುಬಿದ್ದಿರುತ್ತೇವೆ.

ಸ್ವೀಡನ್ನಿನ ಮೂಳೆವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಡಿಸ್ಕಿನೊಳಗೆ ಸೂಜಿ ಇಳಿಸಿ ಒತ್ತಡ ಅಳೆದರು. ಆಸರೆಯಿಲ್ಲದೆ ಕುಳಿತಾಗ ಒತ್ತಡವು ನಿಂತಾಗ ಇರುವುದಕ್ಕಿಂತ ಹೆಚ್ಚು ಎಂದು ಅವರು ಕಂಡರು. 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು ಹೊಸ ಉಪಕರಣದಿಂದ ಒಬ್ಬ ಸ್ವಯಂಸೇವಕನಲ್ಲಿ ಮತ್ತೆ ಅಳೆದರು. ನಿಂತಾಗ ಒತ್ತಡ 0.5 ಮೆಗಾಪಾಸ್ಕಲ್ ಇದ್ದರೆ, ಸಡಿಲವಾಗಿ ಕುಳಿತಾಗ ಅದಕ್ಕಿಂತ ಕೊಂಚ ಕಡಿಮೆಯೇ ಇತ್ತು. ಬೆನ್ನನ್ನು ಪೂರ್ತಿ ಮುಂದಕ್ಕೆ ಬಗ್ಗಿಸಿ ಕುಳಿತಾಗ ಮಾತ್ರ 0.83ಕ್ಕೆ ಏರಿತು. ಹಿಂದಕ್ಕೆ ಒರಗಿದಾಗ ಎಲ್ಲಕ್ಕಿಂತ ಕಡಿಮೆಯಾಯಿತು. ಅಂದರೆ ಕೂರುವುದೇ ಶತ್ರುವಲ್ಲ. ಒರಗದೆ, ಮುಂದಕ್ಕೆ ಬಾಗಿ, ಗಂಟೆಗಟ್ಟಲೆ ಅಲುಗಾಡದೆ ಕೂರುವುದು ಶತ್ರು.

ಅಲುಗಾಡದಿರುವುದು ಏಕೆ ಕೆಟ್ಟದ್ದು? ದೊಡ್ಡವರ ಡಿಸ್ಕ್‌ಗಳ ಒಳಭಾಗಕ್ಕೆ ರಕ್ತನಾಳಗಳು ಹೋಗುವುದಿಲ್ಲ. ಸುತ್ತಲಿನಿಂದ ಮೆಲ್ಲಗೆ ಒಸರುವ ದ್ರವದಿಂದಲೇ ಅವಕ್ಕೆ ಆಹಾರ ಸಿಗಬೇಕು. ಸ್ಪಂಜನ್ನು ಹಿಂಡಿ ಬಿಟ್ಟಾಗ ನೀರು ಒಳಗೆ ಹೊರಗೆ ಓಡಾಡುವಂತೆ, ನಾವು ಅಲುಗಾಡಿದಾಗ ಈ ದ್ರವದ ಓಡಾಟ ಚುರುಕಾಗುತ್ತದೆ. ಸ್ನಾಯುಗಳ ಕಥೆಯೂ ಇದೇ. ಒಂದೇ ಭಂಗಿಯಲ್ಲಿ ಬಿಗಿಹಿಡಿದ ಸ್ನಾಯುವಿನಲ್ಲಿ ರಕ್ತಪರಿಚಲನೆ ಕುಗ್ಗಿ ನೋವು ಹುಟ್ಟುತ್ತದೆ.

ತಂದೆಯವರ ಚಾಪೆಯ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ನೆಲದ ಮೇಲೆ ಕೂತವರು ಕಾಲು ಜೋಮು ಹಿಡಿದೊಡನೆ ಮಡಿಚಿದ್ದನ್ನು ಬಿಡಿಸುತ್ತಿದ್ದರು, ಗೋಡೆಗೆ ಒರಗುತ್ತಿದ್ದರು, ಅಮ್ಮ ಕರೆದರೆಂದು ಎದ್ದು ನೀರು ಸೇದಿಕೊಡುತ್ತಿದ್ದರು. ಅವರ ಬೆನ್ನನ್ನು ಕಾಪಾಡಿದ್ದು ಚಾಪೆಯಲ್ಲ, ಆ ಓಡಾಟ. ಇಂದಿನ ಆಟದ ಪರದೆ ಹುಡುಗನನ್ನು ಮೂರು ಗಂಟೆ ಕಲ್ಲಿನಂತೆ ಕೂರಿಸುತ್ತದೆ. ಕಾಲು ಜೋಮು ಹಿಡಿದದ್ದೂ ಅವನಿಗೆ ಗೊತ್ತಾಗುವುದಿಲ್ಲ.

ಗೇಮಿಂಗ್ ಕುರ್ಚಿ ಎಂದರೇನು?

ಅಂಗಡಿಯಲ್ಲಿ ಆ ಹೆಸರಿನಲ್ಲಿ ಎರಡು ಬಗೆಯ ಕುರ್ಚಿಗಳು ಸಿಗುತ್ತವೆ. ಮೊದಲನೆಯದು ಕೆಂಪು ಕಪ್ಪು ಬಣ್ಣದ, ಎತ್ತರ ಬೆನ್ನಿನ, ಎರಡೂ ಬದಿ ರೆಕ್ಕೆಯಂತೆ ಮೇಲೆದ್ದ ರೆಕ್ಸಿನ್ ಹೊದಿಕೆಯ ಕುರ್ಚಿ. ಇದರ ಆಕಾರ ಬಂದಿರುವುದು ರೇಸ್ ಕಾರಿನ ಆಸನದಿಂದ. ಕಾರು ವೇಗವಾಗಿ ತಿರುವು ತೆಗೆದುಕೊಂಡಾಗ ಚಾಲಕ ಪಕ್ಕಕ್ಕೆ ಜಾರಬಾರದೆಂದು ಅಲ್ಲಿ ಆ ರೆಕ್ಕೆಗಳನ್ನು ಇಟ್ಟಿರುತ್ತಾರೆ. ನಿಮ್ಮ ಮನೆಯ ಕೋಣೆ ತಿರುವು ತೆಗೆದುಕೊಳ್ಳುವುದಿಲ್ಲ. ಮನೆಯಲ್ಲಿ ಆ ರೆಕ್ಕೆಗಳು ತೊಡೆಗಳನ್ನು ಒತ್ತಿ, ಭುಜಗಳನ್ನು ಮುಂದಕ್ಕೆ ತಳ್ಳಿ, ಭಂಗಿ ಬದಲಿಸಲು ಅಡ್ಡಿಯಾಗುತ್ತವೆ.

ಎರಡನೆಯದು ಮೆಶ್ ಎಂದು ಅಂಗಡಿಯವರು ಕರೆಯುವ ಜಾಲರಿ ಬಟ್ಟೆಯ ಕುರ್ಚಿ. ಒಂದು ಚೌಕಟ್ಟಿಗೆ ಬಲೆಯಂಥ ಬಟ್ಟೆಯನ್ನು ಬಿಗಿದಿರುತ್ತಾರೆ. 1994ರಲ್ಲಿ ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿ ಬಿಲ್ ಸ್ಟಂಫ್ ಮತ್ತು ಡಾನ್ ಚಾಡ್ವಿಕ್ ಎಂಬ ವಿನ್ಯಾಸಕಾರರಿಂದ ರೂಪಿಸಿದ ಏರಾನ್ ಕುರ್ಚಿ ಈ ಬಗೆಯನ್ನು ಜಗತ್ತಿನ ಕಚೇರಿಗಳಿಗೆಲ್ಲ ಪರಿಚಯಿಸಿತು. ಆ ಕುರ್ಚಿಯಲ್ಲಿ ಗಮನಿಸಬೇಕಾದದ್ದು ಜಾಲರಿಯೊಂದನ್ನೇ ಅಲ್ಲ. ಚಪ್ಪಲಿ, ಅಂಗಿಗಳಂತೆ ಅದನ್ನು ಮೂರು ಅಳತೆಗಳಲ್ಲಿ ಮಾಡಿದ್ದರು. ಒಂದೇ ಕುರ್ಚಿ ಎಲ್ಲರ ಮೈಗೂ ಹೊಂದುವುದಿಲ್ಲವೆಂಬುದನ್ನು ಅವರು ಒಪ್ಪಿಕೊಂಡಿದ್ದರು.

ನಮ್ಮ ದಾವಣಗೆರೆಯ ಏಪ್ರಿಲ್ ಸೆಖೆಯಲ್ಲಾಗಲಿ, ಮಂಗಳೂರಿನ ಬೆವರಿನಲ್ಲಾಗಲಿ, ಬಿಸಿಲಿನ ರಾಯಚೂರಿನಲ್ಲಾಗಲಿ ಜಾಲರಿ ಬೆನ್ನಿನ ಲಾಭ ನೇರವಾದದ್ದು. ಗಾಳಿ ಆಡುತ್ತದೆ, ಬೆವರು ಆರುತ್ತದೆ. ರೆಕ್ಸಿನ್ನಿಗೆ ಅಂಟಿಕೊಂಡು ಗಂಟೆಗಟ್ಟಲೆ ಕೂರುವ ಯುವಕರಲ್ಲಿ ಬೆವರುಸಾಲೆ, ತೊಡೆಸಂದಿಯ ಹುಳುಕಡ್ಡಿ ಬೇಸಿಗೆಯಲ್ಲಿ ಹೆಚ್ಚಾಗಿ ಕಾಣುತ್ತೇನೆ. ರೆಕ್ಸಿನ್ ಕೆಲವು ವರ್ಷಗಳಲ್ಲೇ ಹಪ್ಪಳದಂತೆ ಸುಲಿಯುವುದೂ ಉಂಟು. ಆದರೆ ಜಾಲರಿ ಎಂದ ಮಾತ್ರಕ್ಕೆ ಬೆನ್ನಿಗೆ ಒಳ್ಳೆಯದೆಂದು ತಿಳಿಯಬೇಡಿ. ಜಾಲರಿ ತಂಪು ಕೊಡುತ್ತದೆ. ಆಸರೆ ಕೊಡುವುದು ಅಳತೆ.

ಮೊದಲು ಅಳತೆ, ಆಮೇಲೆ ಅಂಗಡಿ

ಅಂಗಿ ಹೊಲಿಸಲು ದರ್ಜಿಯ ಬಳಿ ಅಳತೆ ಕೊಡುವ ನಾವು, ಅಂಗಿಗಿಂತ ಹತ್ತು ಪಟ್ಟು ಹಣ ಕೊಟ್ಟು ಕೊಳ್ಳುವ ಕುರ್ಚಿಗೆ ಅಳತೆ ಕೊಡುವುದಿಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ಭಾರತೀಯರ ಮೈ ಅಳತೆಗಳ ಒಂದು ದೊಡ್ಡ ಪುಸ್ತಕವನ್ನೇ ಪ್ರಕಟಿಸಿತು. ನಮ್ಮವರ ಮೈಕಟ್ಟಿಗೆ ತಕ್ಕಂತೆ ವಸ್ತುಗಳನ್ನು ಮಾಡಬೇಕೆಂಬುದೇ ಅದರ ಉದ್ದೇಶ. ಆದರೂ ಮಾರುಕಟ್ಟೆಯ ಎಷ್ಟೋ ಕುರ್ಚಿಗಳು ಎತ್ತರದ ಹೊರದೇಶದವರ ಅಳತೆಯಲ್ಲೇ ಇವೆ. ಆದ್ದರಿಂದ ಮನೆಯಲ್ಲೇ ಟೇಪು ಹಿಡಿದು ಮೂರು ಅಳತೆ ಬರೆದುಕೊಳ್ಳಿ. ಗಟ್ಟಿಯಾದ ಸ್ಟೂಲಿನ ಮೇಲೆ ಪಾದಗಳನ್ನು ನೆಲಕ್ಕೆ ಊರಿ, ನೆಟ್ಟಗೆ ಕುಳಿತು, ಇನ್ನೊಬ್ಬರಿಂದ ಅಳೆಸಿಕೊಳ್ಳಿ.

ಒಂದು, ನೆಲದಿಂದ ಮೊಣಕಾಲಿನ ಹಿಂಬದಿಯ ಮಡಿಕೆಯವರೆಗೆ. ಇದು ನಿಮಗೆ ಬೇಕಾದ ಆಸನದ ಎತ್ತರ. ಐದಡಿ ಎತ್ತರದ ಹೆಂಗಸರಲ್ಲಿ ಇದು ಸುಮಾರು 15 ರಿಂದ 16 ಇಂಚು ಇರಬಹುದು. ಎಷ್ಟೋ ಕುರ್ಚಿಗಳು ಪೂರ್ತಿ ಇಳಿಸಿದರೂ 17 ಇಂಚಿಗಿಂತ ಕೆಳಗೆ ಬರುವುದಿಲ್ಲ. ಆಗ ಕಾಲು ನೇತಾಡಿ, ಆಸನದ ಅಂಚು ತೊಡೆಯ ಕೆಳಭಾಗವನ್ನು ಒತ್ತುತ್ತದೆ.

ಎರಡು, ಪೃಷ್ಠದ ಹಿಂಭಾಗದಿಂದ ಮೊಣಕಾಲಿನ ಮಡಿಕೆಯವರೆಗೆ. ಆಸನದ ಆಳ ಇದಕ್ಕಿಂತ ಎರಡು ಮೂರು ಬೆರಳಿನಷ್ಟು ಕಡಿಮೆ ಇರಬೇಕು. ಆಸನ ಆಳವಾಗಿದ್ದರೆ ಬೆನ್ನು ಒರಗುದಿಂಬಿಗೆ ತಾಗುವುದೇ ಇಲ್ಲ. ಎಷ್ಟೇ ಒಳ್ಳೆಯ ಸೊಂಟದ ಆಸರೆಯಿದ್ದರೂ ಅದು ವ್ಯರ್ಥ.

ಮೂರು, ಕುಳಿತ ಆಸನದಿಂದ ಮಡಿಸಿದ ಮೊಣಕೈಯವರೆಗೆ. ಇದು ಕೈ ಆಸರೆಯ ಎತ್ತರ. ಇದಕ್ಕಿಂತ ಎತ್ತರವಿದ್ದರೆ ಹೆಗಲು ಕಿವಿಯತ್ತ ಏರುತ್ತದೆ, ತಗ್ಗಿದ್ದರೆ ಮೈ ಒಂದು ಕಡೆ ವಾಲುತ್ತದೆ. ಎರಡೂ ಕತ್ತು ನೋವಿಗೆ ದಾರಿ.

ಈ ಮೂರು ಅಂಕಿಗಳನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಆನ್‌ಲೈನ್ ಮೂಲಕ ಕೊಳ್ಳುವವರು ಚಿತ್ರಕ್ಕಿಂತ ಮೊದಲು ಅಳತೆಯ ಪಟ್ಟಿಯನ್ನು ನೋಡಿ. ಅಳತೆ ಕೊಡದ ಕುರ್ಚಿಯನ್ನು ಕೊಳ್ಳಬೇಡಿ. ಹಿಂದಿರುಗಿಸಲು ಅವಕಾಶವಿದೆಯೇ, ಜೋಡಿಸಿದ ಮೇಲೂ ಹಿಂದಕ್ಕೆ ಪಡೆಯುತ್ತಾರೆಯೇ ಎಂಬುದನ್ನೂ ಓದಿಕೊಳ್ಳಿ.

ಕುರ್ಚಿಯ ಅಂಗಾಂಗ ಪರೀಕ್ಷೆ

ಅಂಗಡಿಯಲ್ಲಿ ಕುರ್ಚಿಯ ಮೇಲೆ ಅರ್ಧ ನಿಮಿಷ ಕುಳಿತು "ಮೆತ್ತಗಿದೆ" ಎಂದು ಎದ್ದುಬಿಡಬೇಡಿ. ಹತ್ತು ನಿಮಿಷ ಕುಳಿತಿರಿ. ಅಂಗಡಿಯವರು ಏನೆಂದುಕೊಂಡಾರೆಂಬ ಸಂಕೋಚ ಬೇಡ. ಬಳಿಕ ಒಂದೊಂದು ಭಾಗವನ್ನೂ ನೋಡಿ.

ಸೊಂಟದ ಆಸರೆ: ಒರಗುವ ಭಾಗದ ಉಬ್ಬು ನಿಮ್ಮ ಸೊಂಟದ ಒಳಬಾಗಿಗೆ, ಅಂದರೆ ಬೆಲ್ಟ್ ಕಟ್ಟುವ ಜಾಗಕ್ಕಿಂತ ಸ್ವಲ್ಪ ಮೇಲೆ, ಬಂದು ಕೂರಬೇಕು. ಮೇಲೆ ಕೆಳಗೆ ಸರಿಸುವಂತಿದ್ದರೆ ಉತ್ತಮ. ಹಿತವಾಗಿ ತಾಗಬೇಕೇ ಹೊರತು ಗುದ್ದಿದಂತಿರಬಾರದು. ಪಟ್ಟಿಯಿಂದ ಕಟ್ಟುವ ಬಿಡಿ ದಿಂಬು ಆಗಾಗ ಜಾರುತ್ತದೆ, ಕುರ್ಚಿಯೊಂದಿಗೇ ಬಂದ ಆಸರೆ ಮೇಲು.

ಜಾಲರಿ: ಹೆಬ್ಬೆರಳಿನಿಂದ ಜೋರಾಗಿ ಒತ್ತಿ ಬಿಡಿ. ತಟ್ಟನೆ ಮೊದಲಿನಂತಾಗಬೇಕು. ಈಗಲೇ ಸಡಿಲವಾಗಿರುವ ಜಾಲರಿ ವರ್ಷದೊಳಗೆ ತೊಟ್ಟಿಲಾಗುತ್ತದೆ. ಒರಗಿದಾಗ ಹಿಂದಿನ ಚೌಕಟ್ಟಿನ ಅಡ್ಡಪಟ್ಟಿ ಬೆನ್ನಿಗೆ ಒತ್ತುತ್ತದೆಯೇ ನೋಡಿ.

ಆಸನ: ಕಡಿಮೆ ಬೆಲೆಯ ಕುರ್ಚಿಗಳಲ್ಲಿ ಆಸನಕ್ಕೂ ಜಾಲರಿ ಇದ್ದರೆ ಎಚ್ಚರ. ಅದು ಜಗ್ಗಿದಾಗ ಮುಂದಿನ ಚೌಕಟ್ಟಿನ ಗಟ್ಟಿ ಅಂಚು ತೊಡೆಗೆ ಕೊಯ್ದಂತಾಗುತ್ತದೆ. ಬಡ ಮಧ್ಯಮ ವರ್ಗದ ಜೇಬಿಗೆ ಜಾಲರಿ ಬೆನ್ನು ಮತ್ತು ಬಟ್ಟೆ ಹೊದಿಸಿದ ಫೋಮ್ ಆಸನದ ಜೋಡಿಯೇ ಸರಿ. ಹತ್ತು ನಿಮಿಷ ಕುಳಿತ ಮೇಲೆ ಕೆಳಗಿನ ಹಲಗೆ ಪೃಷ್ಠಕ್ಕೆ ತಾಗಿದಂತಾದರೆ ಆ ಫೋಮ್ ಕಳಪೆ. ಮುಂದಿನ ಅಂಚು ಕೆಳಮುಖವಾಗಿ ಬಾಗಿರಬೇಕು.

ಕೈ ಆಸರೆ: ಎತ್ತರ ಬದಲಿಸುವಂತಿರಬೇಕು. ಬದಲಿಸಲಾಗದ ಕೈಗಳು ಮೇಜಿನ ಅಂಚಿಗೆ ತಾಗಿ ಕುರ್ಚಿ ಒಳಗೆ ಹೋಗದಿದ್ದರೆ ನೀವು ಮತ್ತೆ ಮುಂದಕ್ಕೆ ಬಾಗಬೇಕಾಗುತ್ತದೆ. ಅಂಥ ಕೈಗಳಿಗಿಂತ ಕೈಯಿಲ್ಲದ ಕುರ್ಚಿಯೇ ವಾಸಿ.

ಒರಗುವಿಕೆ: ಬೆನ್ನು ಹಿಂದಕ್ಕೆ ಬಾಗಬೇಕು, ಬೇಕಾದ ಕಡೆ ನಿಲ್ಲಬೇಕು. ಆಸನ ಮತ್ತು ಬೆನ್ನಿನ ನಡುವೆ 100 ರಿಂದ 110 ಡಿಗ್ರಿ ಕೋನ ಓದು ಬರಹಕ್ಕೆ ಹಿತ. ಮಂಚದಂತೆ ಪೂರ್ತಿ ಮಲಗುವ ಕುರ್ಚಿಗೆ ಹೆಚ್ಚು ಹಣ ಕೊಡಬೇಕಿಲ್ಲ. ಮಲಗಲು ಮಂಚವೇ ಇದೆ.

ತಲೆಯಾಸರೆ: ಇದ್ದರೆ ಒರಗಿದಾಗ ಹಿತ, ಇಲ್ಲದಿದ್ದರೆ ನಷ್ಟವಿಲ್ಲ. ತಲೆಯನ್ನು ಮುಂದಕ್ಕೆ ತಳ್ಳುವಂತಿದ್ದರೆ ಕಳಚಿಡಿ.

ಕಂಬ ಮತ್ತು ಕಾಲು: ಕುರ್ಚಿಯನ್ನು ಏರಿಸಿ ಇಳಿಸುವ ಕಂಬದೊಳಗೆ ಒತ್ತಡದಲ್ಲಿ ತುಂಬಿದ ನೈಟ್ರೋಜನ್ ಅನಿಲವಿರುತ್ತದೆ. ಕುಳಿತಾಗ ತಾನಾಗಿಯೇ ಕುಸಿಯತೊಡಗಿದರೆ ಕಂಬವನ್ನೇ ಬದಲಿಸಬೇಕು. ಬಿಚ್ಚುವ, ಕಾಯಿಸುವ, ತೂತು ಕೊರೆಯುವ ಸಾಹಸ ಬೇಡ. ತಳದಲ್ಲಿ ಐದು ಕಾಲುಗಳಿರಬೇಕು, ನಾಲ್ಕು ಕಾಲಿನ ಗಾಲಿ ಕುರ್ಚಿ ಸುಲಭವಾಗಿ ಮಗುಚುತ್ತದೆ. ಟೈಲ್ಸ್, ಗ್ರಾನೈಟ್ ನೆಲಕ್ಕೆ ಮೆತ್ತನೆಯ ಗಾಲಿಗಳು ಬೇಕು. ಗಟ್ಟಿ ಗಾಲಿಗಳು ರತ್ನಗಂಬಳಿಯ ನೆಲಕ್ಕೆ ಹೇಳಿ ಮಾಡಿಸಿದವು, ನಮ್ಮ ನೆಲದ ಮೇಲೆ ಜಾರುತ್ತವೆ. ಎಷ್ಟು ಕಿಲೋ ತೂಕ ತಡೆಯುತ್ತದೆಂಬುದನ್ನೂ ಕೇಳಿ.

ಮುದ್ರೆಯ ಮಾತು: ಕೆಲಸದ ಕುರ್ಚಿಗಳಿಗಾಗಿ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 17631 ಎಂಬ ಮಾನಕವನ್ನು ಹೊರಡಿಸಿದೆ. ಬಿಫ್ಮಾ ಎಂಬುದು ಅಮೆರಿಕದ ಪೀಠೋಪಕರಣ ತಯಾರಕರ ಸಂಘದ ಪರೀಕ್ಷೆ. ಇಂಥ ಮುದ್ರೆಯಿದ್ದರೆ ಕುರ್ಚಿ ಮುರಿದುಬೀಳುವ ಭಯ ಕಡಿಮೆ. ಆದರೆ ನಿಮ್ಮ ಬೆನ್ನಿಗೆ ಹೊಂದುತ್ತದೆಯೇ ಎಂಬುದನ್ನು ಯಾವ ಮುದ್ರೆಯೂ ಹೇಳಲಾರದು. "ವೈದ್ಯರು ಶಿಫಾರಸು ಮಾಡಿದ್ದು" ಎಂಬ ಚೀಟಿ ಅಂಟಿಸಿದ್ದರೆ ಅದಕ್ಕೆ ಮೂರು ಕಾಸಿನ ಬೆಲೆ ಕೊಡಬೇಡಿ.

ಹಣ ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು

ಎತ್ತರ ಬದಲಾವಣೆ, ಸರಿಯುವ ಸೊಂಟದ ಆಸರೆ, ಏರಿಳಿಯುವ ಕೈಗಳು, ಒರಗಿ ನಿಲ್ಲುವ ಬೆನ್ನು, ಈ ನಾಲ್ಕಕ್ಕೆ ಹಣ ಹಾಕಿ. ಬಣ್ಣ, ಮಿನುಗುವ ದೀಪ, ಕಾಲು ಚಾಚುವ ಹಲಗೆ, ತಿಕ್ಕುವ ಯಂತ್ರ, ಆಟಗಾರನ ಹೆಸರು, ಇವುಗಳಲ್ಲಿ ಉಳಿಸಿ. ಈ ನಾಲ್ಕೂ ಇರುವ ಜಾಲರಿ ಕುರ್ಚಿ ಇಂದು ಸುಮಾರು 7 ರಿಂದ 12 ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ದೊಡ್ಡ ಊರುಗಳಲ್ಲಿ ಮುಚ್ಚಿದ ಕಚೇರಿಗಳ ಹಳೆಯ ಕುರ್ಚಿಗಳನ್ನು ಮಾರುವವರಿದ್ದಾರೆ. ಅಲ್ಲಿ ಕಂಬ, ಗಾಲಿ, ಜಾಲರಿ ನೋಡಿಕೊಂಡು ತಂದರೆ ಅದೇ ಹಣಕ್ಕೆ ಇನ್ನೂ ಒಳ್ಳೆಯ ಕುರ್ಚಿ ದೊರೆಯಬಹುದು. ತಿಗಣೆಯಿಲ್ಲವೆಂದು ಮಾತ್ರ ಖಚಿತಪಡಿಸಿಕೊಳ್ಳಿ.

ಅಷ್ಟೂ ಕಷ್ಟವೆನ್ನುವ ಮನೆಯವರು ನಿರಾಶರಾಗಬೇಡಿ. ಮನೆಯಲ್ಲಿರುವ ಗಟ್ಟಿ ಕುರ್ಚಿಗೆ ಒರಗಿ, ಸೊಂಟದ ಬಾಗಿಗೆ ಸ್ನಾನದ ಟವೆಲನ್ನು ಸುರುಳಿ ಸುತ್ತಿ ಇಟ್ಟುಕೊಳ್ಳಿ. ಕಾಲು ನೇತಾಡಿದರೆ ಕೆಳಗೆ ಮಣೆ ಇಟ್ಟುಕೊಳ್ಳಿ. ಇಷ್ಟರಿಂದಲೇ ನೋವು ಇಳಿದವರು ನನ್ನ ರೋಗಿಗಳಲ್ಲಿ ಹಲವರಿದ್ದಾರೆ. ಹತ್ತು ಸಾವಿರದ ಕುರ್ಚಿ ತಂದು, ಅದರ ಸನ್ನೆಗಳನ್ನು ಒಮ್ಮೆಯೂ ಮುಟ್ಟದೆ, ತುದಿಯಲ್ಲಿ ಕುಳಿತು ನೋವು ಉಳಿಸಿಕೊಂಡವರೂ ಇದ್ದಾರೆ.

ಮೇಜನ್ನು ಮರೆಯಬೇಡಿ

ಕುರ್ಚಿ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ನಮ್ಮ ಮೇಜುಗಳು ಸಾಮಾನ್ಯವಾಗಿ 30 ಇಂಚು ಎತ್ತರ. ಮೊದಲು ಮೊಣಕೈ ಮೇಜಿನ ಮಟ್ಟಕ್ಕೆ ಬರುವಷ್ಟು ಕುರ್ಚಿಯನ್ನು ಏರಿಸಿ. ಆಗ ಪಾದ ನೆಲ ಬಿಟ್ಟರೆ ಕಾಲ ಕೆಳಗೆ ಮಣೆ ಹಾಕಿ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ, ಒಂದು ತೋಳಿನಷ್ಟು ದೂರದಲ್ಲಿರಲಿ. ಲ್ಯಾಪ್‌ಟಾಪ್ ಬಳಸುವವರು ಅದನ್ನು ನಾಲ್ಕು ದಪ್ಪ ಪುಸ್ತಕಗಳ ಮೇಲಿಟ್ಟು, ಬೇರೆ ಕೀಬೋರ್ಡ್ ಮತ್ತು ಮೌಸ್ ಜೋಡಿಸಿಕೊಳ್ಳಿ. ತಲೆಯ ತೂಕ ಸುಮಾರು ಐದು ಕಿಲೋ. ಅದು ಮುಂದಕ್ಕೆ ಬಾಗಿದಷ್ಟೂ ಕತ್ತಿನ ಹಿಂಬದಿಯ ಸ್ನಾಯುಗಳು ಹೆಚ್ಚು ಬಿಗಿಹಿಡಿಯಬೇಕಾಗುತ್ತದೆ. ಇದನ್ನು ಯಾವ ಕುರ್ಚಿಯೂ ತಪ್ಪಿಸಲಾರದು.

ಏಳುವುದೇ ಔಷಧ

ಅತ್ಯುತ್ತಮ ಕುರ್ಚಿಯಲ್ಲೂ ಅರ್ಧ ಗಂಟೆಗಿಂತ ಹೆಚ್ಚು ಒಂದೇ ಸಮನೆ ಕೂರಬೇಡಿ. ಆಟದ ಒಂದು ಸುತ್ತು ಮುಗಿದೊಡನೆ ಎದ್ದು ನಿಲ್ಲಿ, ಕೈಗಳನ್ನು ಸೊಂಟಕ್ಕಿಟ್ಟು ಹಿಂದಕ್ಕೆ ನಾಲ್ಕು ಸಲ ಬಾಗಿ, ನೀರು ಕುಡಿದು ಬನ್ನಿ. ದೊಡ್ಡ ಬಾಟಲಿಯ ಬದಲು ಚಿಕ್ಕ ಲೋಟ ಇಟ್ಟುಕೊಂಡರೆ ಏಳಲೇಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸಲಹೆಯ ಪ್ರಕಾರ 5 ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ, ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು. ಇದನ್ನು ಕುರ್ಚಿಯಿಂದ ಕೊಳ್ಳಲಾಗುವುದಿಲ್ಲ.

ಹೆದರಿಸಲು ಹೇಳುತ್ತಿಲ್ಲ, ತಿಳಿದಿರಲೆಂದು ಹೇಳುತ್ತೇನೆ. 2003ರಲ್ಲಿ ನ್ಯೂಜಿಲೆಂಡಿನ ವೈದ್ಯರು 32 ವರ್ಷದ ಯುವಕನೊಬ್ಬನ ವಿವರವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ದಿನಕ್ಕೆ ಹನ್ನೆರಡರಿಂದ ಹದಿನೆಂಟು ಗಂಟೆ ಕಂಪ್ಯೂಟರ್ ಮುಂದೆ ಕೂರುತ್ತಿದ್ದ ಅವನ ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೆ ಕುತ್ತು ತಂದಿತ್ತು. ಇದು ಅಪರೂಪ. ಆದರೂ ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯತೊಡಗಿದರೆ, ಅಥವಾ ದಿಢೀರನೆ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಆಟವೇ ಚಟವಾಗಿ ಊಟ, ನಿದ್ರೆ, ಓದು ಕೆಡುತ್ತಿದ್ದರೆ ಅದು ಕುರ್ಚಿಯ ಸಮಸ್ಯೆಯಲ್ಲ. ಬೈದು ಉಪಯೋಗವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಶಟ್ ಎಂಬ ಚಿಕಿತ್ಸಾ ವಿಭಾಗ 2014ರಲ್ಲಿ ಆರಂಭವಾಯಿತು. ಅಂಥ ಮಕ್ಕಳನ್ನು ಮನೋವೈದ್ಯರಿಗೆ ತೋರಿಸುವುದರಲ್ಲಿ ನಾಚಿಕೆ ಬೇಡ.

ನನ್ನದೊಂದು ತಪ್ಪು

ಇನ್ನು, ಆ ಹುಡುಗನನ್ನು ಎರಡು ಸಲ ಕೇಳಿದ ಪ್ರಶ್ನೆಯ ವಿಷಯ. ಕೆಲವು ವರ್ಷಗಳ ಹಿಂದೆ 26 ವಯಸ್ಸಿನ ಒಬ್ಬ ಯುವಕ ಸೊಂಟ ನೋವೆಂದು ನನ್ನ ಬಳಿ ಬಂದಿದ್ದ. ಲೆಕ್ಕಪತ್ರ ಬರೆಯುವ ಕೆಲಸ, ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲೇ. ಅಂದು ಹೊರಗೆ ರೋಗಿಗಳ ಸಾಲು ಉದ್ದವಿತ್ತು. ಕುರ್ಚಿಯದೇ ದೋಷವೆಂದು ತೀರ್ಮಾನಿಸಿ, ನೋವಿನ ಮಾತ್ರೆ ಬರೆದು, ಒಳ್ಳೆಯ ಕುರ್ಚಿ ಕೊಳ್ಳಲು ಹೇಳಿ ಕಳುಹಿಸಿದೆ. ಪಾಪ, ಅವನು ಕಂತಿನ ಮೇಲೆ ದುಬಾರಿ ಕುರ್ಚಿಯನ್ನೇ ಕೊಂಡ. ಎಂಟು ತಿಂಗಳ ಮೇಲೆ ಮತ್ತೆ ಬಂದಾಗ ಅವನ ನಡು ಬಗ್ಗುತ್ತಿರಲಿಲ್ಲ. ಆಗ ಕೇಳಿದೆ, ನೋವು ಯಾವಾಗ ಹೆಚ್ಚೆಂದು. "ಬೆಳಗಿನ ಜಾವ ನೋವಿಗೇ ಎಚ್ಚರವಾಗುತ್ತೆ ಸಾರ್. ಎದ್ದ ಮೇಲೆ ಒಂದು ಗಂಟೆ ಬೆನ್ನು ಮರಗಟ್ಟಿರುತ್ತೆ. ಓಡಾಡಿದರೆ ಸರಿಹೋಗುತ್ತೆ" ಎಂದ. ಅದು ಆ್ಯಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೆನ್ನೆಲುಬಿನ ಕೀಲುಗಳ ಉರಿಯೂತ. ಎಳೆಯ ವಯಸ್ಸಿನಲ್ಲೇ ಶುರುವಾಗಿ, ಚಿಕಿತ್ಸೆಯಿಲ್ಲದಿದ್ದರೆ ಕೆಲವರಲ್ಲಿ ಬೆನ್ನನ್ನು ಬಿದಿರಿನಂತೆ ಸೆಟೆಸುವ ಕಾಯಿಲೆ. ಸಂಧಿವಾತ ತಜ್ಞರ ಬಳಿ ಕಳುಹಿಸಿದೆ. ಔಷಧ, ವ್ಯಾಯಾಮಗಳಿಂದ ಈಗ ಚೆನ್ನಾಗಿದ್ದಾನೆ. ಆದರೆ ಆ ಎಂಟು ತಿಂಗಳು ನನ್ನ ಒಂದು ಪ್ರಶ್ನೆಯ ಅಭಾವದಿಂದ ಹೋದವು. ಅಂದಿನಿಂದ ಅದನ್ನು ಎರಡು ಸಲ ಕೇಳುತ್ತೇನೆ.

ನೀವೂ ಕುರ್ಚಿ ಕೊಳ್ಳುವ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಿ. ದಿನವಿಡೀ ಕುಳಿತ ಮೇಲೆ ಹೆಚ್ಚುವ, ಮಲಗಿ ಎದ್ದರೆ ಇಳಿಯುವ ನೋವಿಗೆ ಕುರ್ಚಿಯಿಂದ ಸಹಾಯವಾಗುತ್ತದೆ. ಈ ಕೆಳಗಿನವುಗಳಲ್ಲಿ ಯಾವುದಾದರೂ ಇದ್ದರೆ ಅಂಗಡಿಗೆ ಹೋಗುವ ಮೊದಲು ವೈದ್ಯರ ಬಳಿ ಹೋಗಿ:

• ಬೆಳಿಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಕಾಲ ಬೆನ್ನು ಮರಗಟ್ಟುವುದು, ರಾತ್ರಿಯ ಉತ್ತರಾರ್ಧದಲ್ಲಿ ನೋವಿನಿಂದ ಎಚ್ಚರವಾಗುವುದು, ನೋವು ಮೂರು ತಿಂಗಳು ದಾಟುವುದು.
• ನೋವು ಕಾಲಿಗೆ ಇಳಿದು ಜೋಮು ಹಿಡಿಯುವುದು, ಪಾದ ಎತ್ತಲಾಗದಿರುವುದು.
• ಸಂಜೆ ಜ್ವರ, ತೂಕ ಇಳಿಯುವುದು. ನಮ್ಮ ದೇಶದಲ್ಲಿ ಬೆನ್ನೆಲುಬಿನ ಕ್ಷಯವನ್ನು ಮರೆಯುವಂತಿಲ್ಲ.
• ಬಿದ್ದು ಪೆಟ್ಟಾದ ಬಳಿಕ ಬಂದ ನೋವು.
• ಮೂತ್ರ, ಮಲದ ಮೇಲೆ ಹಿಡಿತ ತಪ್ಪುವುದು, ತೊಡೆಗಳ ನಡುವೆ ಸ್ಪರ್ಶ ತಿಳಿಯದಿರುವುದು. ಇದು ತುರ್ತುಸ್ಥಿತಿ, ಅದೇ ದಿನ ಆಸ್ಪತ್ರೆ ಸೇರಬೇಕು.

ಆ ಮೂವರ ಮನೆಯಲ್ಲಿ ಏನಾಯಿತು? ಅಳತೆಯ ಚೀಟಿ ಹಿಡಿದು ಹೋದ ತಂದೆ ಮಗ 8,500 ರೂಪಾಯಿಯ ಜಾಲರಿ ಬೆನ್ನಿನ ಕುರ್ಚಿ ತಂದರಂತೆ. ಅರ್ಧ ಗಂಟೆಗೊಮ್ಮೆ ಏಳಬೇಕು, ಹನ್ನೊಂದಕ್ಕೆ ಆಟ ಮುಗಿಸಬೇಕು ಎಂಬ ಕರಾರಿನ ಮೇಲೆ. ಮೊದಲ ವಾರ ಕರಾರು ಎರಡು ಸಲ ಮುರಿಯಿತೆಂದು ತಾಯಿ ಹೇಳಿದರು. ಹುಡುಗನ ನೋವು ಪೂರ್ತಿ ಹೋಗಿಲ್ಲ, ಅರ್ಧಕ್ಕಿಂತ ಕಡಿಮೆಯಾಗಿದೆ. "ಬೆಳಿಗ್ಗೆ ಪೇಪರ್ ಓದೋಕೆ ಈಗ ಇವರೇ ಅದರಲ್ಲಿ ಕೂರ್ತಾರೆ ಡಾಕ್ಟ್ರೇ" ಎಂದು ಗಂಡನತ್ತ ತೋರಿಸಿ ತಾಯಿ ನಕ್ಕರು. ಕೂರಲಿ. ಕೂರುವ ಮೊದಲು ಸನ್ನೆ ಎಳೆದು ತಮ್ಮ ಎತ್ತರಕ್ಕೆ ಇಳಿಸಿಕೊಳ್ಳಲಿ, ಪೇಪರ್ ಮುಗಿದೊಡನೆ ಎದ್ದುಬಿಡಲಿ.